ಕಾಜಾ ಅಕ್ಕ ತಾನೇ ಮುಚ್ಚಿದ ಬಾಗಿಲು

ಆಕೆಗೆ ಜಂಬ ಬಂದಿದೆ ಎಂದು ಬೀದಿಯವರು ಮೊದಮೊದಲು ಮಾತಾಡಿಕೊಂಡರು. ಎದುರಿಗೆ ಬಂದವರನ್ನು ನಿಂತು ಮಾತಾಡಿಸುವ ಹೆಂಗಸು ಪಕ್ಕದಲ್ಲಿ ನಿಂತು ನಕ್ಕವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಲ್ಲಿಯ ಹತ್ತಿರ ಇನ್ನೊಬ್ಬರ ಬಕೆಟ್ಟು ಒದ್ದು ಉರುಳಿಸಿದರೆ, ಯಾರೋ ತನ್ನ ದಾರಿಗೇ ಇಟ್ಟಿದ್ದಾರೆ ಎಂಬಂತೆ ಮುಖ ಮಾಡುತ್ತಿದ್ದರು. ಆದರೆ ಮುಂಬಾಗಿಲ ಬೆಳಕಿಗೆ ಕೂತು ಅಂಗಿಗೆ ಕಾಜಾ ಹಾಕುವಾಗ, ಅಂದರೆ ಗುಂಡಿ ತೂರುವ ಸೀಳಿನ ಅಂಚಿಗೆ ಕೈಯಲ್ಲಿ ಒತ್ತೊತ್ತಾಗಿ ದಾರ ಸುತ್ತಿ ಹೊಲಿಯುವಾಗ, ಒಂದು ಹೊಲಿಗೆಯೂ ಆಚೀಚೆ ಆಗುತ್ತಿರಲಿಲ್ಲ. ಸೂಜಿಗೆ ದಾರವನ್ನೂ ತಾವೇ ಪೋಣಿಸುತ್ತಿದ್ದರು.

"ಸೂಜಿಯ ಕಣ್ಣು ಕಾಣುತ್ತಂತೆ, ನಾನು ಕಾಣಲ್ವಂತೆ. ನಾನೇನು ಸೂಜಿಗಿಂತ ತೆಳ್ಳಗಿದೀನಾ?" ಎಂದು ಎದುರು ಸಾಲಿನ ಇಸ್ತ್ರಿ ಅಂಗಡಿಯವರು ತಮ್ಮ ಹೊಟ್ಟೆ ತೋರಿಸಿಕೊಂಡು ಕೇಳಿದ್ದು ಬೀದಿಗೆಲ್ಲ ನಗೆಯಾಗಿತ್ತು.

ದರ್ಜಿ ಅಂಗಡಿಗಳು ಕಳಿಸುವ ಅಂಗಿಗಳಿಗೆ ಕಾಜಾ ಹಾಕಿಕೊಟ್ಟೇ ಆಕೆಗೆ ಕಾಜಾ ಅಕ್ಕ ಎಂಬ ಹೆಸರು ಬಂದಿತ್ತು. ಕಣ್ಣಿನ ವೈದ್ಯರು ಪರೀಕ್ಷೆ ಮಾಡಿ ಹೇಳಿದ್ದು ಇಷ್ಟು: ಕಣ್ಣಿನ ಹಿಂಬದಿಯ ಪರದೆ ಅಂಚಿನಿಂದ ಒಳಕ್ಕೆ ಸಾಯುತ್ತಾ ಬರುತ್ತಿದೆ. ಸದ್ಯಕ್ಕೆ ಕೊಳವೆಯಲ್ಲಿ ಇಣುಕಿದ ಹಾಗೆ ನೇರಕ್ಕೆ ಇರುವುದು ಮಾತ್ರ ಕಾಣುತ್ತದೆ, ಕೊಳವೆ ಸಣ್ಣಗಾಗುತ್ತಾ ಹೋಗಿ ಒಂದು ದಿನ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಔಷಧಿ ಇಲ್ಲ.

ಗಂಡ ಬಸ್ಸಿಗೆ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಮೇಸ್ತ್ರಿ. ಬೋಳು ಚಾಸಿ ಒಳಗೆ ಬಂದರೆ ಅದಕ್ಕೆ ಚೌಕಟ್ಟು ಕೂರಿಸಿ, ತಗಡು ಹೊದಿಸಿ, ಸೀಟು, ಮೆಟ್ಟಿಲು, ಹಿಡಿದು ನಿಲ್ಲುವ ಕಂಬಿ ಹಾಕಿ ಹೊರಗೆ ಕಳಿಸುವ ಕೆಲಸ. ಮಕ್ಕಳಿಲ್ಲ. ಬೆಳಿಗ್ಗೆ ಅವರು ಹೊರಟರೆ ಸಂಜೆಯವರೆಗೆ ಅಕ್ಕ ಒಬ್ಬರೇ.

ವೈದ್ಯರ ಮಾತು ಕೇಳಿದ ವಾರವೇ ಊರಿನ ಇನ್ನೊಂದು ತುದಿಯಿಂದ ತಂಗಿ ಬಂದರು. ಅವರದು ಲಿಫ್ಟ್ ಇರುವ ಫ್ಲ್ಯಾಟು. ಒಂದು ಕೋಣೆ ಖಾಲಿ ಇತ್ತು.

"ಅಕ್ಕ, ನಮ್ಮಲ್ಲಿಗೆ ಬಂದುಬಿಡು. ಭಾವ ವಾರಕ್ಕೊಂದ್ಸಲ ಬಂದು ಹೋಗ್ಲಿ, ಇಲ್ಲ ಅವರೂ ಬರ್ಲಿ."

"ನಾನು ಕುರುಡಿ ಆಗ್ಬಹುದು ಕಣೇ, ನೆಂಟಳಾಗಲ್ಲ. ಇನ್ನೊಬ್ಬರ ಮನೇಲಿ ನೀರು ಕುಡಿಯೋದಕ್ಕೂ ಲೋಟ ಎಲ್ಲಿದೆ ಅಂತ ಕೇಳ್ಬೇಕು."

"ಇನ್ನೊಬ್ಬರ ಮನೆಯಾ? ನಾನು ಇನ್ನೊಬ್ಬಳಾ?"

"ನೀನಲ್ಲ, ನಿನ್ನ ಲೋಟ."

ಅಳು, ಮುನಿಸು ಎಲ್ಲ ಮುಗಿದ ಮೇಲೆ ಒಂದು ಒಪ್ಪಂದವಾಯಿತು. ಕಣ್ಣು ಪೂರ್ತಿ ಕತ್ತಲಾದ ಮೇಲೂ ಗಂಡ ಕೆಲಸಕ್ಕೆ ಹೋಗಿ ಬರುವವರೆಗೆ ಅಕ್ಕ ಈ ಮನೆಯಲ್ಲಿ ಒಬ್ಬರೇ ಇರಬಲ್ಲರಾದರೆ ಇಲ್ಲಿಯೇ ಇರುವುದು. ಆಗದಿದ್ದರೆ ಎರಡನೇ ಮಾತಿಲ್ಲದೆ ತಂಗಿಯ ಮನೆ. ಅಕ್ಕ ಒಪ್ಪಿದರು. ಮೇಸ್ತ್ರಿಯೂ ಒಪ್ಪಿದರು. ಮರುದಿನವೇ ಅವರು ಮನೆಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದರು.

ಸಾಲುಮನೆಗಳ ನಡುವಿನ ಉದ್ದನೆಯ ಮನೆ ಅದು. ಮುಂದಿನ ಕೋಣೆ, ನಡುಕೋಣೆ, ಅಡುಗೆಮನೆ ಒಂದರ ಹಿಂದೆ ಒಂದು. ಮುಂಬಾಗಿಲಿಂದ ನಡುಕೋಣೆಯ ತನಕ ದಾರಿ ನೇರ. ಅಲ್ಲಿ ಬಲಕ್ಕೆ ತಿರುಗಿ ಮೂಲೆಗೆ ಹೋದರೆ ಅಡುಗೆಮನೆಯ ಬಾಗಿಲು. ಪ್ರತಿ ಬಾಗಿಲಿಗೂ ಮರದ ಹೊಸಿಲು. ಹಿತ್ತಿಲ ಬಚ್ಚಲಿಗೆ ಎರಡು ಮೆಟ್ಟಿಲು ಇಳಿಯಬೇಕು. ಮೇಸ್ತ್ರಿಯ ಪ್ರಕಾರ ಇಂಥ ಮನೆ ಯಾವ ಕುರುಡರಿಗೂ ಬೇಡ. "ಕಣ್ಣಿರೋ ನಾನೇ ಎಡವ್ತೀನಿ. ಯಾವ ಪುಣ್ಯಾತ್ಮ ಕಟ್ಟಿದನೋ, ಬಸ್ಸಿಗೆ ಬಾಗಿಲು ಡ್ರೈವರ್ ಸೀಟಿನ ಹಿಂದೆ ಇಟ್ಟ ಹಾಗಿದೆ."

ಅವರ ಯೋಜನೆ ಸರಳವಾಗಿತ್ತು. ಬಸ್ಸಿನ ನಡುದಾರಿಯಂತೆ ಮುಂಬಾಗಿಲಿಂದ ಹಿತ್ತಿಲವರೆಗೆ ಒಂದೇ ಗೆರೆ. ಅಡುಗೆಮನೆಯ ಮೂಲೆ ಬಾಗಿಲು ಮುಚ್ಚಿ ಗೋಡೆಯ ನಡುವೆ ಹೊಸದು ತೆರೆಯುವುದು, ಹೊಸಿಲುಗಳನ್ನು ಕಿತ್ತು ನೆಲವನ್ನು ಸಮ ಮಾಡುವುದು, ಮೆಟ್ಟಿಲಿನ ಜಾಗಕ್ಕೆ ಇಳಿಜಾರು, ದಾರಿಯ ಎರಡೂ ಬದಿಗೆ ಹಿಡಿಕಂಬಿ. ಅಕ್ಕ ತಮ್ಮ ದರ್ಜಿ ಸೀಮೆಸುಣ್ಣದಿಂದ ನೆಲದ ಮೇಲೆ ಇದೆಲ್ಲವನ್ನೂ ಬರೆದರು. ಕೊಳವೆಯ ನೋಟದಲ್ಲಿ ಒಂದು ಸಲಕ್ಕೆ ಒಂದು ಗೇಣು ಗೆರೆ ಮಾತ್ರ ಕಾಣುತ್ತಿದ್ದರಿಂದ ಮಂಡಿಯೂರಿ, ತಲೆ ಆಡಿಸುತ್ತಾ ಬರೆಯುತ್ತಿದ್ದರು. ಕಂಬಿಯ ಎತ್ತರಕ್ಕೆ ಗಂಡ ಆಕೆಯ ಮೊಣಕೈಯಿಂದ ನೆಲದವರೆಗೆ ಟೇಪು ಹಿಡಿದಾಗ, "ಅಂಗಿ ಯಾವಾಗ ಕೊಡ್ತೀರಾ ಟೈಲರೇ?" ಎಂದು ಕೇಳಿದರು.

"ಹಬ್ಬಕ್ಕೆ ಕೊಡ್ತೀನಮ್ಮ. ಯಾವ ಹಬ್ಬ ಅಂತ ಕೇಳ್ಬೇಡಿ."

ತಂಗಿಯ ಗಂಡ ಗುತ್ತಿಗೆದಾರರೊಬ್ಬರ ನಂಬರು ಕೊಡಲು ಬಂದರು. "ಮನೆ ಕಟ್ಟಿ ನೋಡು ಅಂತ ಸುಮ್ನೆ ಹೇಳಿಲ್ಲ ಷಡ್ಡಕರೇ, ಕೆಡವಿ ಕಟ್ಟೋದು ಅದಕ್ಕಿಂತ ಕಷ್ಟ" ಎಂದರು.

"ಮೇಸ್ತ್ರಿ ಮನೆಗೆ ಇನ್ನೊಬ್ಬ ಮೇಸ್ತ್ರಿನಾ?" ಎಂದು ಇವರು ನಕ್ಕರು. ಬಸ್ಸಿನ ಮೇಸ್ತ್ರಿ ಇಟ್ಟಿಗೆಯ ಮೇಸ್ತ್ರಿಯಲ್ಲ ಎಂದು ಷಡ್ಡಕ ಹೇಳಬೇಕೆಂದಿದ್ದರು, ಹೇಳಲಿಲ್ಲ. ಕೂಲಿಯವರನ್ನು ಕರೆಯದಿರಲು ಅಕ್ಕನಿಗೆ ತಮ್ಮದೇ ಕಾರಣವಿತ್ತು. "ನಾಳೆ ಕಾಣದೆ ಹೋಗೋ ಗೋಡೆ ಇದು. ಇವತ್ತೇ ನಾನು ಕೈಯಾರೆ ಸವರಿ ಬಿಟ್ರೆ ಕೈಗೆ ನೆನಪಿರುತ್ತೆ."

ಕೆಲಸ ರಜಾದಿನಗಳಲ್ಲಿ ಮತ್ತು ಸಂಜೆಯ ಬೆಳಕು ಇರುವಷ್ಟು ಹೊತ್ತು ನಡೆಯಿತು. ಗುಜರಿಗೆ ಹೋಗಬೇಕಿದ್ದ ಬಸ್ಸುಗಳ ಕೊಳವೆಗಳನ್ನು ಮೇಸ್ತ್ರಿ ಕೇಳಿ ತಂದರು. ಬಾಗಿಸುವಾಗ ಮುದುರಬಾರದೆಂದು ಒಣ ಮರಳು ತುಂಬಿ, ತುದಿಗೆ ಮರದ ಬಿರಡೆ ಜಡಿದು, ಹಿತ್ತಿಲಲ್ಲಿ ಕಾಯಿಸಿ ಬಗ್ಗಿಸಿದರು. ಹೊಸಿಲುಗಳ ಮರವನ್ನೇ ಕೊಯ್ದು ಕಂಬಿಯ ಹಿಂದೆ ಗೋಡೆಗೆ ಬಡಿಯುವ ಗೂಟ ಮಾಡಿದರು. ಗೋಡೆ ಒಡೆಯುವಾಗ ಅಕ್ಕ ಬಾಯಿಗೆ ಬಟ್ಟೆ ಕಟ್ಟಿಕೊಂಡು ಇಟ್ಟಿಗೆಯ ಹಳೇ ಗಾರೆ ಕೆರೆದು ಜೋಡಿಸಿಟ್ಟರು. ಹೊಸ ಬಾಗಿಲಿಗಾಗಿ ತೆಗೆದ ಆ ಇಟ್ಟಿಗೆಗಳಿಂದಲೇ ಹಳೆಯ ಬಾಗಿಲು ಮುಚ್ಚಿದ್ದು. ಎರಡನೆಯ ಇಟ್ಟಿಗೆ ವರಸೆಯಿಂದ ಮೇಲಕ್ಕೆ ಕಟ್ಟಿದ್ದು ಅಕ್ಕನೇ. ಗಂಡ ದಾರ ಹಿಡಿದು ಸಮ ನೋಡಿಕೊಟ್ಟರು, ಅಷ್ಟೇ. ಗೋಡೆಗೆ ಗಾರೆ ಮೆತ್ತುವ ಗಿಲಾಯಿಯನ್ನೂ ಆಕೆಯೇ ಮಾಡಿದರು. ಕರಣಿ ಬಿಟ್ಟು ಅಂಗೈಯಲ್ಲಿ ತಿಕ್ಕಿ, ಎಲ್ಲಿ ಬಾಗಿಲಿತ್ತೆಂದು ಯಾರಿಗೂ ಗೊತ್ತಾಗದ ಹಾಗೆ ನುಣ್ಣಗೆ ಮಾಡಿದರು. ಆಮೇಲೆ ಒಂದು ತಿಂಗಳು ಅಂಗೈ ಬಿರಿದು ಕಾಜಾ ದಾರ ಸಿಕ್ಕಿಕೊಳ್ಳುತ್ತಿತ್ತು.

ಮುಗಿದಾಗ ಬೀದಿಯವರು ನೋಡಲು ಬಂದರು. ಬಸ್ಸಿನ ಮನೆ ಎಂಬ ಹೆಸರು ಅಂದೇ ಬಿತ್ತು. ಬಸ್ಸಿನಲ್ಲಿರುವಂತೆ ಮೇಸ್ತ್ರಿ ಗೋಡೆಗಳುದ್ದಕ್ಕೂ ತಲೆಯೆತ್ತರಕ್ಕೆ ಗಂಟೆಯ ಹಗ್ಗವನ್ನೂ ಎಳೆದಿದ್ದರು. ಎಲ್ಲಿ ನಿಂತು ಜಗ್ಗಿದರೂ ಮುಂಬಾಗಿಲ ಹೊರಗೆ ಗಂಟೆ ಹೊಡೆಯುತ್ತಿತ್ತು.

"ಒಂದ್ಸಲ ಎಳೆದ್ರೆ ನಿಲ್ಲಿಸು, ಎರಡು ಸಲ ಎಳೆದ್ರೆ ರೈಟ್" ಎಂದರು ಇಸ್ತ್ರಿಯವರು. "ಅಕ್ಕಾ, ನೀವು ಎಳೆದ್ರೆ ನಾನು ಓಡಿ ಬರ್ತೀನಿ. ಟಿಕೆಟ್ ಕೇಳ್ಬಾರದು."

"ನಿಮಗೆ ಎರಡು ಟಿಕೆಟ್ ಆಗುತ್ತೆ" ಎಂದರು ಅಕ್ಕ.

ಮೇಸ್ತ್ರಿ ಎದೆಯುಬ್ಬಿಸಿ ನಿಂತಿದ್ದರು. ತಂಗಿ ಕೂಡ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡು ಮುಂಬಾಗಿಲಿಂದ ಬಚ್ಚಲಿನವರೆಗೆ ನಡೆದು ಬಂದು, "ಭಾವ, ನನ್ನ ಬಾಯಿ ಮುಚ್ಚಿಸಿಬಿಟ್ರಿ" ಎಂದರು. ಕಣ್ಣು ಮುಚ್ಚಿದವರು ಯಾರು ಬೇಕಾದರೂ ಆ ಮನೆಯಲ್ಲಿ ನಡೆಯಬಹುದಿತ್ತು, ಅದಕ್ಕೆ ಮೊದಲು ಅಲ್ಲಿ ಬದುಕಿರದಿದ್ದರೆ.

ಅಕ್ಕನ ನೋಟ ಉಳಿದಿರುವವರೆಗೆ ಏನೂ ತೊಂದರೆಯಾಗಲಿಲ್ಲ. ಕಾಲು ತಪ್ಪು ದಿಕ್ಕಿಗೆ ಹೊರಟರೆ ಕಣ್ಣು ತಡೆದು ತಿರುಗಿಸುತ್ತಿತ್ತು. ಹಾಗೆ ತಡೆಯುತ್ತಿದೆ ಎಂಬುದು ಆಕೆಗೇ ಗೊತ್ತಿರಲಿಲ್ಲ. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಕೊಳವೆ ಮುಚ್ಚಿಕೊಂಡಿತು. ಅದರ ಜೊತೆಗೆ ಹೊಸ ಮನೆಯೂ ಮುಚ್ಚಿಕೊಂಡಿತು.

ಬೆಳಿಗ್ಗೆ ಎದ್ದು ನಿದ್ದೆಗಣ್ಣಲ್ಲಿ ನೀರಿಗೆ ಹೊರಟರೆ ಮೂಗು ಗಿಲಾಯಿಗೆ ಬಡಿಯುತ್ತಿತ್ತು. ಕಾಲು ಇಲ್ಲದ ಹೊಸಿಲಿಗೆ ಏಳುತ್ತಿತ್ತು, ನೆಲ ಎಣಿಸಿದ್ದಕ್ಕಿಂತ ತಡವಾಗಿ ಸಿಕ್ಕು ಮಂಡಿ ಉಳುಕುತ್ತಿತ್ತು. ಇಳಿಜಾರಿನಲ್ಲಿ ಪಾದ ಮೆಟ್ಟಿಲಿಗಾಗಿ ತಡಕಾಡುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಆಕೆ ಈ ಮನೆಯಲ್ಲಿ ದೀಪ ಹಾಕದೆ ಓಡಾಡಿದವರು. ಕತ್ತಲಲ್ಲಿ ಎದ್ದು ಹಾಲು ಕಾಯಿಸಿದವರು, ಬಟ್ಟೆಯ ರಾಶಿ ಎದೆಗೊತ್ತಿ ಹೊತ್ತು ಕಾಲ ಕೆಳಗೆ ನೋಡದೆ ನಡೆದವರು. ಕಣ್ಣಿಲ್ಲದ ಮನೆಯೊಂದು ಆಕೆಯ ಕಾಲಲ್ಲಿ ಆಗಲೇ ಸಿದ್ಧವಾಗಿತ್ತು. ಗಂಡಹೆಂಡತಿ ಸೇರಿ ಕೆಡವಿದ್ದು ಅದನ್ನು.

ಕಂಬಿ ಹಿಡಿದು, ಯೋಚನೆ ಮಾಡಿ ಹೆಜ್ಜೆ ಇಟ್ಟರೆ ಎಲ್ಲ ಸರಿ. ಮನಸ್ಸು ಬೇರೆ ಕಡೆ ಇದ್ದಾಗ, ಯಾರೋ ಕರೆದಾಗ, ಏನೋ ಬಿದ್ದ ಸದ್ದಾದಾಗ ಕಾಲು ಹಳೇ ಮನೆಯಲ್ಲಿ ನಡೆಯುತ್ತಿತ್ತು.

ಅಕ್ಕ ಇದನ್ನು ಗಂಡನಿಗೆ ಹೇಳಲಿಲ್ಲ. ಹಣೆಯ ಮೇಲೆ ಕಂದಿದ ಗಾಯ ಕಂಡು ಅವರು ಕೇಳಿದರೆ, "ಬಗ್ಗಿದಾಗ ಕಂಬಿಗೆ ತಗಲಿತು" ಎಂದರು. ಮರುದಿನ ಮೇಸ್ತ್ರಿ ಕಾರ್ಖಾನೆಯಿಂದ ಸೀಟಿನ ಸ್ಪಂಜು ತಂದು ಕಂಬಿಯ ತಿರುವುಗಳಿಗೆಲ್ಲ ಸುತ್ತಿದರು. ಇನ್ನೊಂದು ಸಲ ಮಂಡಿ ಊದಿದ್ದು ಕಂಡು ಇಳಿಜಾರಿಗೆ ರಬ್ಬರು ಅಂಟಿಸಿದರು. ಇಲ್ಲದ ತಪ್ಪನ್ನು ಒಂದೊಂದಾಗಿ ತಿದ್ದುತ್ತಾ ಹೋದರು. ಪ್ರತಿ ತಿದ್ದುಪಡಿಗೂ ಮನೆ ಇನ್ನಷ್ಟು ಅಪರಿಚಿತವಾಗುತ್ತಾ ಹೋಯಿತು.

ತಂಗಿ ಫೋನಿನಲ್ಲಿ ಕೇಳುತ್ತಿದ್ದರು. "ಹೇಗಿದೀಯಾ ಅಕ್ಕ? ನಿಜ ಹೇಳು."

"ರೈಲಿನ ಹಾಗೆ ಓಡಾಡ್ತಿದೀನಿ."

"ಬಸ್ಸು ಅಂದಿದ್ರಲ್ಲ."

"ಬಸ್ಸು ಗುಂಡಿಗೆ ಬೀಳುತ್ತೆ ಕಣೇ."

ಒಂದು ಮಧ್ಯಾಹ್ನ ಅಕ್ಕ ಒಲೆಯ ಮೇಲೆ ಹಾಲಿಟ್ಟು ಮುಂದಿನ ಕೋಣೆಗೆ ಬಂದರು. ದರ್ಜಿ ಅಂಗಡಿಯ ಹುಡುಗಿ ಅಂಗಿಗಳ ಗಂಟು ತಂದಿದ್ದಳು, ಬೆರಳ ಅಂದಾಜಿನಲ್ಲಿ ಇನ್ನು ಹೊಲಿಯಲಾಗದೆಂದು ಹೇಳಿ ವಾಪಸು ಕಳಿಸಬೇಕಿತ್ತು. ಅದು ಆಕೆ ಕೆಲಸ ಬಿಟ್ಟ ದಿನ. ಹುಡುಗಿ ಹೋದ ಮೇಲೆ ಗೋಡೆಗೊರಗಿ ಕೂತುಬಿಟ್ಟರು. ಹಾಲು ಉಕ್ಕಿ ಸೀದ ವಾಸನೆ ಮೂಗಿಗೆ ಬಡಿದಾಗ ಧಡಕ್ಕನೆ ಎದ್ದು ಕಂಬಿ ಹಿಡಿಯದೆ ಓಡಿದರು. ನಡುಕೋಣೆಗೆ ಬಂದರು, ಬಲಕ್ಕೆ ತಿರುಗಿದರು, ಮೂಲೆಯ ಬಾಗಿಲಿಗೆ ನುಗ್ಗಿದರು. ತಾವೇ ಕಟ್ಟಿ, ತಾವೇ ನುಣುಪು ಮಾಡಿದ ಗೋಡೆ ಮೈತುಂಬ ಬಡಿಯಿತು. ಪಕ್ಕಕ್ಕೆ ಬಿದ್ದರು. ಸಮ ಮಾಡಿದ ಗಟ್ಟಿ ನೆಲಕ್ಕೆ ಸೊಂಟ ತಾಗಿತು.

ಗಂಟೆಯ ಹಗ್ಗ ತಲೆಯ ಮೇಲೆಯೇ ಇತ್ತು, ನಿಂತವರಿಗೆ ಎಟುಕುವ ಎತ್ತರದಲ್ಲಿ. ಬಸ್ಸಿನಲ್ಲಿ ಯಾರೂ ನೆಲದ ಮೇಲೆ ಮಲಗಿ ಗಂಟೆ ಎಳೆಯುವುದಿಲ್ಲ. ಪಾತ್ರೆ ಕರಕಲಾಗಿ ಹೊಗೆ ಬೀದಿಗೆ ಬಂದ ಮೇಲೆ ಇಸ್ತ್ರಿಯವರು ಬಿಸಿ ಪೆಟ್ಟಿಗೆಯನ್ನು ಅಂಗಿಯ ಮೇಲೆಯೇ ಬಿಟ್ಟು ಓಡಿಬಂದರು. ಅಕ್ಕ ಅವರ ಹೆಜ್ಜೆ ಗುರುತು ಹಿಡಿದು ಮೊದಲು ಹೇಳಿದ ಮಾತು, "ಒಲೆ ಆರಿಸಿ." ಎರಡನೆಯದು, "ಅವರಿಗೆ ಹೇಳ್ಬೇಡಿ, ಎಲ್ಲಿ ಬಿದ್ದೆ ಅಂತ."

ಇಸ್ತ್ರಿಯವರು ಹೇಳಲಿಲ್ಲ. ಆದರೆ ಮೇಸ್ತ್ರಿ ಮನೆಗೆ ಬಂದು ನೋಡಿದಾಗ ಮೂಲೆಯ ಗೋಡೆಯ ಮೇಲೆ, ಹಣೆಯ ಮಟ್ಟಕ್ಕೆ, ರಕ್ತ ಇತ್ತು. ಅಲ್ಲಿ ಕಂಬಿಯೇ ಇರಲಿಲ್ಲ. ಆಸ್ಪತ್ರೆಯಲ್ಲಿ ಬಲ ಸೊಂಟದ ಮೂಳೆ ಮುರಿದಿದೆ ಎಂದರು. ಶಸ್ತ್ರಚಿಕಿತ್ಸೆ ಮುಗಿದು ಅಕ್ಕ ಮಾತಾಡುವಂತಾದ ಮೇಲೆ ಹಾಸಿಗೆಯ ಪಕ್ಕ ಕೂತು ಕೇಳಿದರು.

"ಅಡುಗೆಮನೆಗೆ ಹೋಗ್ತಿದ್ದೆ ಅಲ್ವಾ?"

"ಹೂಂ."

"ಎಷ್ಟು ದಿನದಿಂದ ಹೀಗೆ?"

"ಕಣ್ಣು ಹೋದಾಗಿನಿಂದ."

"ಮೊದಲೇ ಹೇಳಬಾರದಿತ್ತಾ?"

"ಹೇಗೆ ಹೇಳ್ಲಿ? ನೀವು ಸ್ಪಂಜು ಸುತ್ತುತ್ತಾ ಹಾಡು ಗುನುಗ್ತಾ ಇದ್ರಿ. ಮದುವೆ ಆದಾಗಿನಿಂದ ನೀವು ಹಾಡಿದ್ದು ಕೇಳಿರ್ಲಿಲ್ಲ ನಾನು."

ಅಕ್ಕನೇ ಮುಂದುವರಿಸಿದರು. "ನಿಮ್ಮೊಬ್ಬರ ತಪ್ಪಲ್ಲ ರೀ. ನೆಲದ ಮೇಲೆ ಗೆರೆ ಎಳೆದೋಳು ನಾನು. ಇಬ್ಬರೂ ಸೇರಿ ಕಣ್ಣಿರೋರಿಗೆ ಚೆಂದ ಕಾಣೋ ಕುರುಡರ ಮನೆ ಕಟ್ಟಿದ್ವಿ."

ಆಸ್ಪತ್ರೆಯಿಂದ ಅಕ್ಕ ನೇರವಾಗಿ ತಂಗಿಯ ಮನೆಗೆ ಹೋದರು. ಒಪ್ಪಂದದ ಮಾತನ್ನು ಯಾರೂ ಎತ್ತಲಿಲ್ಲ. ಅಕ್ಕ ನಡೆಯುವಂತಾಗುವವರೆಗೆ ಮಾತ್ರ ಎಂದು ಮೇಸ್ತ್ರಿ ಹೇಳಿದರು. ಅಷ್ಟರಲ್ಲಿ ಮನೆಯನ್ನು ಮೊದಲಿದ್ದ ಹಾಗೆಯೇ ಮಾಡಿಬಿಡುತ್ತೇನೆ ಎಂದರು.

ಹಾಗೆ ಬಸ್ಸಿನ ಮನೆಯ ರಿಪೇರಿ ಎರಡನೆಯ ಸಲ ಶುರುವಾಯಿತು, ಈ ಸಲ ಒಬ್ಬರಿಂದ. ಕಂಬಿಗಳನ್ನು ಕಿತ್ತರು. ನಡುವಿನ ಬಾಗಿಲು ಮುಚ್ಚಿದರು. ಮೂಲೆಯ ಗೋಡೆಯನ್ನು ಸುತ್ತಿಗೆಯಿಂದ ಒಡೆಯಲು ಮನಸ್ಸಾಗದೆ ಉಳಿಯಿಂದ ಒಂದೊಂದೇ ಇಟ್ಟಿಗೆ ಬಿಡಿಸಿದರು. ಎರಡು ಮೆಟ್ಟಿಲು ಮತ್ತೆ ಕಟ್ಟಿದರು. ಹೊಸಿಲಿಗೆ ಬಂದಾಗ ಕೈ ನಿಂತಿತು. ಹಳೇ ಮರ ಗೂಟಗಳಾಗಿ ಹೋಗಿತ್ತು, ಅದರ ಎತ್ತರ ಅವರಿಗೆ ನೆನಪಿರಲಿಲ್ಲ. ನಿತ್ಯ ದಾಟಿದ್ದನ್ನು ಯಾರು ಅಳೆದಿರುತ್ತಾರೆ? ತಂಗಿಯ ಮನೆಗೆ ಹೋಗಿ ಕೇಳಿದರು. ಅಕ್ಕ ಮಲಗಿದ್ದಲ್ಲಿಂದಲೇ ಬೆರಳು ಜೋಡಿಸಿ ತೋರಿಸಿದರು.

"ನಾಲ್ಕು ಬೆರಳು. ಆದ್ರೆ ನಡುವೆ ಸವೆದಿತ್ತು, ಅಲ್ಲಿ ಮೂರು. ಅಡುಗೆಮನೇದು ಬಲಗಡೆ ಜಾಸ್ತಿ ಸವೆದಿತ್ತು."

ಮೇಸ್ತ್ರಿ ಹೊಸ ಮರಕ್ಕೆ ಆ ಸವೆತವನ್ನೂ ಕೆತ್ತಿದರು. ಉಜ್ಜುಗಾಗದದಿಂದ ತಿಕ್ಕಿ, ಬರಿಗಾಲಿಟ್ಟು ನೋಡಿ, ಮತ್ತೆ ತಿಕ್ಕಿದರು. ಇಸ್ತ್ರಿಯವರು ಚಹಾ ತಂದುಕೊಟ್ಟು ಹತ್ತಿರ ಕೂರುತ್ತಿದ್ದರು. ಮೊದಲಿನ ತಮಾಷೆ ಇಬ್ಬರಿಗೂ ಬರುತ್ತಿರಲಿಲ್ಲ. ಒಮ್ಮೆ ಮಾತ್ರ, "ಹೊಸದನ್ನ ಹಳೇದು ಮಾಡೋರನ್ನ ಈಗ್ಲೇ ನೋಡಿದ್ದು" ಎಂದರು.

"ನಾನು ಹಳೇದನ್ನ ಹೊಸದು ಮಾಡಿದಾಗ ನೀವು ಚಪ್ಪಾಳೆ ತಟ್ಟಿದ್ರಿ" ಎಂದರು ಮೇಸ್ತ್ರಿ.

ಅಕ್ಕ ವಾಕರ್ ಹಿಡಿದು ನಡೆಯುವಂತಾದ ಮೇಲೆ ಒಂದು ರಜಾದಿನ ಬೆಳಿಗ್ಗೆ ತಂಗಿ, ಷಡ್ಡಕ ಇಬ್ಬರೂ ಕಾರಿನಲ್ಲಿ ಕರೆತಂದರು. ಮುಂಬಾಗಿಲಲ್ಲಿ ಅಕ್ಕ ವಾಕರ್ ಅನ್ನು ತಂಗಿಯ ಕೈಗೆ ಕೊಟ್ಟರು.

"ಹಿಡ್ಕೋಬೇಡಿ ಯಾರೂ. ಹಿಂದೆ ಬನ್ನಿ ಬೇಕಾದ್ರೆ."

ಮೊದಲ ಹೊಸಿಲು ಎಡಗಾಲಲ್ಲಿ ದಾಟಿದರು. ಮೇಸ್ತ್ರಿಯ ಮುಖ ಅರಳಿತು. ನಡುಕೋಣೆಯ ಹೊಸಿಲಿಗೆ ಮುರಿದು ಕೂಡಿದ ಬಲಗಾಲು ಬಂತು. ಅದು ಎತ್ತಿದಷ್ಟು ಏಳಲಿಲ್ಲ, ಹೆಬ್ಬೆರಳು ಮರಕ್ಕೆ ತಾಗಿತು. ಅಕ್ಕ ತುಟಿ ಕಚ್ಚಿ ಇನ್ನೊಮ್ಮೆ ಎತ್ತಿ ದಾಟಿದರು. ಬಲಕ್ಕೆ ತಿರುಗಿದರು. ಎಂದಿನ ಹೆಜ್ಜೆಗಳನ್ನಿಟ್ಟು ಬಾಗಿಲ ಚೌಕಟ್ಟಿಗೆಂದು ಕೈ ಚಾಚಿದರು. ಕೈಗೆ ಗೋಡೆ ಸಿಕ್ಕಿತು.

"ಬಾಗಿಲೆಲ್ಲಿ?"

"ಅಲ್ಲೇ ಇದೆ. ಇನ್ನೊಂದು ಹೆಜ್ಜೆ" ಎಂದರು ಮೇಸ್ತ್ರಿ.

ಮೂಳೆ ಕೂಡಿದ ಮೇಲೆ ಅಕ್ಕನ ಬಲಗಾಲು ಒಂದು ಬೆರಳಿನಷ್ಟು ಗಿಡ್ಡವಾಗಿತ್ತು. ಹೆಜ್ಜೆ ಕಿರಿದಾಗಿತ್ತು, ನಡಿಗೆ ಬಲಕ್ಕೆ ವಾಲುತ್ತಿತ್ತು. ಕಾಲು ಎಣಿಸಿಕೊಂಡಿದ್ದ ಮನೆ ಎರಡೂ ಕಾಲು ಸಮವಿದ್ದ ಹೆಂಗಸಿನದು.

ಅಕ್ಕ ಗೋಡೆ ಸವರುತ್ತಾ ಹೋಗಿ ಚೌಕಟ್ಟು ಹಿಡಿದರು. ನಿಧಾನವಾಗಿ ಬಗ್ಗಿ ಹೊಸಿಲಿನ ಸವೆದ ಭಾಗದ ಮೇಲೆ ಕೈಯಾಡಿಸಿದರು.

"ಕರಾರುವಾಕ್ಕಾಗಿ ಮಾಡಿದೀರ. ಒಂದೆಳೆ ಆಚೀಚೆ ಇಲ್ಲ."

"ಮತ್ತೆ?"

"ಅಳತೆ ಕೊಟ್ಟ ಮೇಲೆ ಮೈ ಬದಲಾದ್ರೆ ಅದು ಅಂಗಿಯ ತಪ್ಪಾ?"

ಅಭ್ಯಾಸವಾಗುತ್ತೆ, ದಿನಾ ಬಂದು ನಡೆದರೆ ಕಾಲು ಕಲಿಯುತ್ತೆ ಎಂದು ಷಡ್ಡಕ ಏನೋ ಹೇಳಹೊರಟರು. ತಂಗಿ ಅವರ ತೋಳು ಹಿಡಿದು ತಡೆದರು. ಅಕ್ಕ ಹೊಸಿಲ ಮೇಲೆಯೇ ಕೂತರು. ಮೇಸ್ತ್ರಿ ಎದುರಿಗೆ ನೆಲದ ಮೇಲೆ ಕೂತರು.

"ಬೇಕಾದ್ರೆ ಹೊಸಿಲು ಇಳಿಸ್ತೀನಿ. ಬಾಗಿಲನ್ನ ಒಂದು ಹೆಜ್ಜೆ ಈಚೆಗೆ ತರ್ತೀನಿ."

"ಬೇಡ. ಇನ್ನು ಮುಟ್ಟಬೇಡಿ ಅದನ್ನ." ಹೊಸಿಲನ್ನು ಮತ್ತೊಮ್ಮೆ ಸವರಿ, "ಇಲ್ಲಿ ನನಗೆ ಗೊತ್ತಿರೋದು ಬಹಳ ಇದೆ ರೀ. ಗೊತ್ತಿರೋದೇ ಬೀಳಿಸ್ತಿದೆ" ಎಂದರು. ಆಮೇಲೆ ತಂಗಿಯ ಕಡೆಗೆ ಮುಖ ತಿರುಗಿಸಿ ವಾಕರ್ ಕೇಳಿದರು.

ಮೇಸ್ತ್ರಿ ಈಗ ಆ ಮನೆಯ ಮುಂದಿನ ಕೋಣೆಯಲ್ಲಿ ಮಲಗುತ್ತಾರೆ, ಊಟ ಕಾರ್ಖಾನೆಯ ಕ್ಯಾಂಟೀನಿನಲ್ಲಿ. ಷಡ್ಡಕ ಅವರನ್ನೂ ಬಂದು ಇರಿ ಎಂದು ಕರೆದಿದ್ದಾರೆ. ನೋಡೋಣ ಎನ್ನುತ್ತಾರೆ. ರಜಾದಿನಗಳಲ್ಲಿ ಹೋಗಿ ಅಕ್ಕನನ್ನು ಫ್ಲ್ಯಾಟಿನ ಉದ್ದನೆಯ ಕಾರಿಡಾರಿನಲ್ಲಿ ನಡೆಸುತ್ತಾರೆ. ಆಕೆ ಅಲ್ಲಿ ಇನ್ನೂ ಲೋಟ ಎಲ್ಲಿದೆ ಎಂದು ಕೇಳಬೇಕಾಗುತ್ತದೆ. ಕೆಲವೊಮ್ಮೆ ಕೇಳದೆ ಬಾಯಾರಿಕೊಂಡೇ ಇರುತ್ತಾರೆ ಎಂದು ತಂಗಿ ದೂರು ಹೇಳುತ್ತಾರೆ. ಹೋದ ಸಲ ತಂಗಿ, "ಭಾವ, ಬಚ್ಚಲಿನ ಗೋಡೆಗೊಂದು ಹಿಡಿಕೆ ಹಾಕಿಕೊಡಿ, ಅಕ್ಕನಿಗೆ ಸುಲಭ ಆಗುತ್ತೆ" ಎಂದು ಕೇಳಿದರು. ಮೇಸ್ತ್ರಿ ಗೋಡೆ ನೋಡಿದರು, ತಟ್ಟಿ ನೋಡಿದರು, ಎಲ್ಲಿ ತೂತು ಹೊಡೆಯಬೇಕೆಂದು ಬೆರಳಿಟ್ಟರು. ಆಮೇಲೆ ಕೈ ತೆಗೆದು, ಅವಳನ್ನೇ ಕೇಳಿ ಹೇಳ್ತೀನಿ ಎಂದರು.

ಕೇಳಿದರು.

"ಏನೂ ಹಾಕ್ಬೇಡಿ" ಎಂದರು ಅಕ್ಕ. "ಇದ್ದದ್ದು ಇದ್ದ ಹಾಗೇ ಇರ್ಲಿ. ನಾನಿನ್ನೂ ಕಲೀತಾ ಇದೀನಿ."